ಟ್ರೇಸಿಂಗ್ ಪ್ರೊಫೈಲರ್ ತಪ್ಪು ಸಮಯ ತೋರಿಸಿದಾಗ: ಲಕ್ಷಣ, ಕಾರಣ, ಪರಿಹಾರ

ಮಲ್ಪೆ ಬಂದರಿನಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ, ಮೀನು ಹರಾಜಾಗಿ ಬಿಲ್ ಮಾಡುವ ಹೊತ್ತಿಗೆ ಸಾಫ್ಟ್‌ವೇರ್ ನಿಧಾನವಾದರೆ ಬರುವ ಫೋನ್ ಸಾಮಾನ್ಯವಾಗಿ ಇಷ್ಟೇ ಹೇಳುತ್ತದೆ: "ಬಿಲ್ ಬರ್ತಾನೇ ಇಲ್ಲ ಮಾರಾಯ್ರೆ, ಸುಮ್ನೆ ತಿರುಗ್ತಾ ಉಂಟು. ಎಂತ ಮಾಡುದು?" ಇದರಲ್ಲಿ ಅಳೆಯುವಂಥದ್ದು ಇನ್ನೂ ಏನೂ ಇಲ್ಲ. ಯಾವ ಬಟನ್ ಒತ್ತಿದ ಮೇಲೆ ಹೀಗಾಗುತ್ತದೆ, ಎಷ್ಟು ಲಾಟ್‌ಗಳ (ಹರಾಜಿಗಿಟ್ಟ ಮೀನಿನ ರಾಶಿಗಳ) ಬಿಲ್, ದಿನದ ಮೊದಲ ಬಿಲ್ಲಿಗೆ ಮಾತ್ರವೋ ಎಲ್ಲದಕ್ಕೂವೋ, ಒಂದೇ ಕಂಪ್ಯೂಟರಿನಲ್ಲೋ ಎಲ್ಲ ಕಡೆಯೋ ಎಂದು ಕೇಳಿ ಬರೆದುಕೊಳ್ಳಿ. ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಕೋಡಿಗೆ ಕೈ ಹಚ್ಚಬಹುದು.

ಪ್ರೊಫೈಲರ್, ಅಂದರೆ ಪ್ರೋಗ್ರಾಮಿನ ಯಾವ ಭಾಗಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಅಳೆಯುವ ಸಾಧನ, ಒಂದು ಅಂಕಿ ಕೊಟ್ಟ ಕೂಡಲೇ ಅದನ್ನು ನಂಬಿ, ಎಲ್ಲಕ್ಕಿಂತ ಉದ್ದ ಕಂಡ ಫಂಕ್ಷನ್ನನ್ನು ತಿದ್ದಲು ಕೂರುವವರೇ ಹೆಚ್ಚು. ಅಷ್ಟೆಲ್ಲ ತಿದ್ದಿದ ಮೇಲೂ ಬಿಲ್ ಬರುವುದು ಮೊದಲಿನಷ್ಟೇ ತಡ. ತಪ್ಪಿದ್ದು ಕೋಡಲ್ಲ, ಅಳತೆ. ಹಾಗಾಗಿ ಅಳತೆ ಎಲ್ಲೆಲ್ಲಿ ಕೆಡುತ್ತದೆ, ಕೆಟ್ಟಿದೆ ಎಂದು ಗುರುತಿಸುವುದು ಹೇಗೆ, ಸರಿಪಡಿಸುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ನೋಡೋಣ. ಉದಾಹರಣೆಗೆ ಲಿನಕ್ಸ್ ಸರ್ವರಿನಲ್ಲಿ ಪೈಥಾನ್ ಭಾಷೆ ಮತ್ತು ಅದರ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿ ಬರೆದ ಒಂದು ಹರಾಜು ಬಿಲ್ಲಿಂಗ್ ಪ್ರೋಗ್ರಾಮನ್ನು ಇಟ್ಟುಕೊಂಡಿದ್ದೇವೆ. ಬೇರೆ ಭಾಷೆಯಲ್ಲಿ ಫಂಕ್ಷನ್‌ಗಳ ಹೆಸರು ಬದಲಾಗುತ್ತದೆ, ದೋಷಗಳು ಹೆಚ್ಚುಕಡಿಮೆ ಇವೇ.

ಪ್ರೊಫೈಲರ್‌ನಲ್ಲಿ ಇರಬೇಕಾದ್ದು

ಹಗುರ ಟ್ರೇಸಿಂಗ್ ಪ್ರೊಫೈಲರ್, ಚಿಕ್ಕದಾಗಿ ಟ್ರೇಸರ್, ಎಂದರೆ ದೊಡ್ಡ ಯಂತ್ರವಲ್ಲ, ಐವತ್ತು ಅರವತ್ತು ಸಾಲಿನ ಮಾಡ್ಯೂಲ್ ಸಾಕು. ನಾವು ಗುರುತು ಹಾಕಿದ ಕೋಡ್ ತುಂಡು ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಗಡಿಯಾರ ಓದಿ, ಹೆಸರು, ಎರಡು ಸಮಯ, ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ನಂಬರ್, ಥ್ರೆಡ್ (ಅದರೊಳಗಿನ ಒಂದು ಕೆಲಸದ ಎಳೆ) ನಂಬರ್ ಇಷ್ಟನ್ನು ಒಂದು ಲಿಸ್ಟಿಗೆ ಸೇರಿಸುತ್ತದೆ. ಈ ಒಂದು ತುಂಡೇ ಸ್ಪ್ಯಾನ್. ಒಂದರ ಒಳಗೆ ಇನ್ನೊಂದು ಬಂದರೆ ಹೊರಗಿನದ್ದು ತಾಯಿ, ಒಳಗಿನದ್ದು ಮಗು. ಕೊನೆಯಲ್ಲಿ ಎಲ್ಲವನ್ನೂ ಕ್ರೋಮ್‌ನ ಟ್ರೇಸ್ ಈವೆಂಟ್ ಮಾದರಿಯ ಜೇಸನ್ (ಸರಳ ಪಠ್ಯ ರೂಪದ) ಫೈಲ್ ಮಾಡಿ, ಬ್ರೌಸರಿನಲ್ಲಿ ಪರ್ಫೆಟ್ಟೊ ಎಂಬ ಟ್ರೇಸ್ ನೋಡುವ ಸಾಧನದಲ್ಲಿ ತೆರೆದರೆ, ಯಾವುದರ ಒಳಗೆ ಯಾವುದು ಓಡಿತು ಎಂದು ಪಟ್ಟಿಗಳ ಸಾಲಾಗಿ ಕಾಣುತ್ತದೆ.

ಸ್ಯಾಂಪ್ಲಿಂಗ್ ಪ್ರೊಫೈಲರ್ ಬೇರೆ ಜಾತಿ. ಪೈಥಾನಿಗಿರುವ ಅಂಥದ್ದೊಂದಾದ ಪೈ-ಸ್ಪೈ, ಸೆಟ್ಟಿಂಗ್ ಬದಲಿಸದೆ ಹಾಗೆಯೇ ಬಿಟ್ಟರೆ, ಸೆಕೆಂಡಿಗೆ 100 ಸಲ ಸ್ಟ್ಯಾಕ್ (ಆ ಕ್ಷಣ ಓಡುತ್ತಿರುವ ಫಂಕ್ಷನ್‌ಗಳ ಸಾಲು) ನೋಡಿ ಅಂದಾಜು ಕೊಡುತ್ತದೆ. ಕೋಡಿಗೆ ಕೈ ಹಚ್ಚಬೇಕಿಲ್ಲ, ಹೊರೆಯೂ ಕಡಿಮೆ. ಆದರೆ "ಈ ಒಂದು ಬಿಲ್ಲಿಗೆ ಮಾತ್ರ ಯಾಕೆ 9 ಸೆಕೆಂಡ್ ಹಿಡಿಯಿತು" ಎಂಬ ಪ್ರಶ್ನೆಗೆ ಸ್ಪ್ಯಾನ್‌ಗಳೇ ಬೇಕು. ಟ್ರೇಸರ್ ಮೇಲೆ ಸಂಶಯ ಬಂದಾಗ ಪೈ-ಸ್ಪೈಯಿಂದ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಎರಡನ್ನೂ ಒಟ್ಟಿಗೆ ಓಡಿಸಬೇಡಿ.

ಮೊದಲ ಪರೀಕ್ಷೆ: ಖಾಲಿ ಸ್ಪ್ಯಾನ್

ಯಾವ ಲಕ್ಷಣವೇ ಇರಲಿ, ಶುರು ಇಲ್ಲಿಂದ. ಒಳಗೆ ಏನೂ ಇಲ್ಲದ ಸ್ಪ್ಯಾನನ್ನು 1,00,000 ಸಲ ತೆರೆದು ಮುಚ್ಚಿ, ಒಟ್ಟು ಹಿಡಿದ ಸಮಯವನ್ನು ಸ್ಪ್ಯಾನ್‌ಗಳ ಹೊರಗಿನಿಂದ ಅಳೆದು 1,00,000ದಿಂದ ಭಾಗಿಸಿ. ಬರುವುದೇ ಒಂದು ಸ್ಪ್ಯಾನಿನ ಸ್ವಂತ ಖರ್ಚು. ಇದನ್ನು ತಿಳಿಯದೆ ಸಣ್ಣ ಫಂಕ್ಷನ್‌ಗಳನ್ನು ಅಳೆಯುವುದು ಬುಟ್ಟಿಯ ತೂಕ ಕಳೆಯದೆ ಬೂತಾಯಿ ತೂಗಿದ ಹಾಗೆ. ಈ ಪರೀಕ್ಷೆಯನ್ನು ಐದಾರು ಸಲ ಮಾಡಿ ಕನಿಷ್ಠ ಬೆಲೆಯನ್ನು ಇಟ್ಟುಕೊಳ್ಳಿ, ಸರಾಸರಿಯನ್ನಲ್ಲ. ಹಿನ್ನೆಲೆಯಲ್ಲಿ ಬೇರೇನೋ ಓಡಿದರೆ ಸಮಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪೈಥಾನ್‌ನಲ್ಲಿ ಎಂಟರ್, ಎಕ್ಸಿಟ್ ಮೆಥಡ್ ಇರುವ ಸಣ್ಣ ಕ್ಲಾಸಾಗಿ ಬರೆದ ಸ್ಪ್ಯಾನಿಗೆ ಈಗಿನ ಯಂತ್ರಗಳಲ್ಲಿ 1 ಮೈಕ್ರೋಸೆಕೆಂಡಿನ ಆಸುಪಾಸು ಬರಬೇಕು. ಹತ್ತಾರು ಮೈಕ್ರೋಸೆಕೆಂಡ್ ಬಂದರೆ ಕಾರಣ ಹುಡುಕಿ. ಕಾಂಟೆಕ್ಸ್ಟ್‌ಲಿಬ್‌ನ ಕಾಂಟೆಕ್ಸ್ಟ್ ಮ್ಯಾನೇಜರ್ ಡೆಕೊರೇಟರ್ (ಫಂಕ್ಷನ್ನಿಗೆ ಹೊರಗಿನಿಂದ ಹಾಕುವ ಹೊದಿಕೆ) ಬಳಸಿದ್ದರೆ ಪ್ರತಿ ಸ್ಪ್ಯಾನಿಗೂ ಒಂದು ಹೊಸ ಜನರೇಟರ್ (ಕೇಳಿದಾಗಲಷ್ಟೇ ಮುಂದೆ ಓಡುವ ವಸ್ತು) ಹುಟ್ಟುತ್ತದೆ, ಅದಕ್ಕೇ ಖರ್ಚು ಏರುತ್ತದೆ; ಕ್ಲಾಸಿಗೆ ಬದಲಿಸಿ. ಸ್ಪ್ಯಾನ್ ಮುಚ್ಚುವಾಗ ಪ್ರಿಂಟ್ ಅಥವಾ ಲಾಗ್ ಬರೆಯುತ್ತಿದ್ದರೆ ತೆಗೆದುಹಾಕಿ. ಎಸ್‌ಎಸ್‌ಎಚ್ ಮೂಲಕ ಟರ್ಮಿನಲ್ಲಿಗೆ ಒಂದು ಸಾಲು ಬರೆಯುವ ಖರ್ಚು ನೀವು ಅಳೆಯಹೊರಟ ಫಂಕ್ಷನ್ನಿಗಿಂತ ದೊಡ್ಡದಿರಬಹುದು. ಸ್ಪ್ಯಾನ್ ಹೆಸರನ್ನು ಪ್ರತಿ ಸಲ ಎಫ್-ಸ್ಟ್ರಿಂಗ್‌ನಲ್ಲಿ ಕಟ್ಟುವುದೂ ಬೇಡ; ಹೆಸರು ಸ್ಥಿರವಾಗಿರಲಿ, ಲಾಟ್ ನಂಬರನ್ನು ಬೇರೆಯಾಗಿ ಕೊಡಿ.

ಇವೆಲ್ಲ ಸರಿಯಿದ್ದೂ ಖರ್ಚು ಹೆಚ್ಚಿದ್ದರೆ ಡೀಬಗರ್ ಅಥವಾ ಕವರೇಜ್ ಟೂಲ್ ಅಂಟಿಕೊಂಡಿದೆಯೇ ನೋಡಿ. ಸಿಸ್ ಮಾಡ್ಯೂಲಿನ ಗೆಟ್‌ಟ್ರೇಸ್ ಕರೆದಾಗ ನನ್ (None, ಅಂದರೆ ಏನೂ ಇಲ್ಲ) ಬರಬೇಕು. ಅದೂ ಸರಿ ಎಂದಾದರೆ ಗಡಿಯಾರದ ಮೂಲವನ್ನೇ ನೋಡಬೇಕು. ಲಿನಕ್ಸಿನ ಸಿಸ್ ಡೈರೆಕ್ಟರಿಯಲ್ಲಿ ಡಿವೈಸಸ್, ಸಿಸ್ಟಮ್, ಕ್ಲಾಕ್‌ಸೋರ್ಸ್, ಕ್ಲಾಕ್‌ಸೋರ್ಸ್0 ಎಂಬ ದಾರಿಯಲ್ಲಿ ಹೋದರೆ ಕರೆಂಟ್ ಕ್ಲಾಕ್‌ಸೋರ್ಸ್ ಎಂಬ ಫೈಲ್ ಸಿಗುತ್ತದೆ. ಅದರಲ್ಲಿ ಟಿಎಸ್‌ಸಿ (ಸಿಪಿಯು ಒಳಗಿನ ಗಡಿಯಾರ) ಎಂದಿದ್ದರೆ ಗಡಿಯಾರ ಓದಲು ಕರ್ನಲ್ಲಿಗೆ (ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ) ಹೋಗಬೇಕಿಲ್ಲ, ಕೆಲವೇ ಹತ್ತು ನ್ಯಾನೋಸೆಕೆಂಡಿನಲ್ಲಿ ಮುಗಿಯುತ್ತದೆ. ಎಚ್‌ಪಿಇಟಿ ಅಥವಾ ಎಸಿಪಿಐ ಪಿಎಂ (ಸಿಪಿಯು ಹೊರಗಿನ ಗಡಿಯಾರಗಳು) ಎಂದಿದ್ದರೆ ಪ್ರತಿ ಓದಿಗೂ ಸಿಸ್ಟಮ್ ಕಾಲ್ (ಕರ್ನಲ್ಲಿಗೆ ಕರೆ) ಆಗುತ್ತದೆ, ಖರ್ಚು ಹಲವು ಪಟ್ಟು. ಬೂಟ್ ಆಗುವಾಗ ಟಿಎಸ್‌ಸಿ ಅಸ್ಥಿರ ಎಂದು ಕರ್ನಲ್ ತೀರ್ಮಾನಿಸಿದ ಯಂತ್ರಗಳಲ್ಲಿ ಹೀಗಾಗುತ್ತದೆ. ಕರ್ನಲ್ ಲಾಗ್ ತೋರಿಸುವ ಡಿಮೆಸೆಜ್‌ನಲ್ಲಿ ಅದರ ಸಾಲು ಸಿಗುತ್ತದೆ.

ಖಾಲಿ ಸ್ಪ್ಯಾನಿನ ಖರ್ಚು ತಿಳಿದ ಮೇಲೆ ಲೆಕ್ಕ ಸುಲಭ. ಸ್ಪ್ಯಾನ್ ತೋರಿಸುವ ಸಮಯ ಈ ಖರ್ಚಿನ 100 ಪಟ್ಟಿಗಿಂತ ಹೆಚ್ಚಿದ್ದರೆ ತಪ್ಪು ಶೇ. 1ರೊಳಗೆ. 10 ಪಟ್ಟಿದ್ದರೆ ಶೇ. 10ರಷ್ಟು. ಅದಕ್ಕಿಂತ ಕೆಳಗಿನದ್ದನ್ನು ಸ್ಪ್ಯಾನ್‌ನಿಂದ ಅಳೆಯಬೇಡಿ. ಅಂಥ ಸಣ್ಣ ತುಂಡಿಗೆ, ಅದನ್ನು ಬಹಳ ಸಲ ಓಡಿಸಿ ಅಳೆಯುವ ಪೈಥಾನಿನ ಟೈಮ್‌ಇಟ್ ಸರಿ.

ಲಕ್ಷಣ: ತಾಯಿ ಸ್ಪ್ಯಾನ್ ಉದ್ದ, ಮಕ್ಕಳು ಚಿಕ್ಕವು, ನಡುವಿನ ಸಮಯಕ್ಕೆ ಲೆಕ್ಕವಿಲ್ಲ

ಇಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ದಿನದ ಒಟ್ಟು ಲೆಕ್ಕ ಮಾಡುವ ಫಂಕ್ಷನ್ 40,000 ಹಳೆಯ ಲಾಟ್‌ಗಳನ್ನು ಸುತ್ತುತ್ತದೆ. ಪ್ರತಿ ಲಾಟಿಗೂ ತೂಕ, ದರ, ಕಮಿಷನ್ ಕೂಡಿ ಕಳೆಯುವ ಒಂದು ಸಣ್ಣ ಫಂಕ್ಷನ್. ಎರಡಕ್ಕೂ ಸ್ಪ್ಯಾನ್ ಹಾಕಿದ್ದೀರಿ. ಖಾಲಿ ಸ್ಪ್ಯಾನಿನ ಖರ್ಚು 1 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. 40,000 ಸಲಕ್ಕೆ 40 ಮಿಲಿಸೆಕೆಂಡ್ ಬರೀ ಅಳತೆಗೇ ಹೋಯಿತು.

ಈ 40 ಮಿಲಿಸೆಕೆಂಡ್ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದೇ ಮುಖ್ಯ. ಮಗುವಿನ ಸ್ಪ್ಯಾನ್ ಶುರುವಿನ ಗಡಿಯಾರ ಓದಿದ ಮೇಲೆ ಆರಂಭ, ಕೊನೆಯ ಗಡಿಯಾರ ಓದುವಷ್ಟರಲ್ಲಿ ಮುಗಿತಾಯ. ಎಂಟರ್ ಮೆಥಡನ್ನು ಕರೆಯುವುದು, ವಸ್ತು ಕಟ್ಟುವುದು, ಲಿಸ್ಟಿಗೆ ಸೇರಿಸುವುದು, ಇವೆಲ್ಲ ಆ ಎರಡು ಓದುಗಳ ಹೊರಗೆ ಬೀಳುತ್ತವೆ. ಅಂದರೆ ಖರ್ಚಿನ ಹೆಚ್ಚಿನ ಪಾಲು ಮಗುವಿನ ಲೆಕ್ಕಕ್ಕೆ ಸೇರದೆ ತಾಯಿಯ ಸ್ವಂತ ಸಮಯಕ್ಕೆ ಸೇರುತ್ತದೆ. ಪರ್ಫೆಟ್ಟೊದಲ್ಲಿ ಹಿಗ್ಗಿಸಿ ನೋಡಿದರೆ ಚಿಕ್ಕ ಚಿಕ್ಕ ಪಟ್ಟಿಗಳು, ನಡುವೆ ಒಂದೇ ಅಗಲದ ಸಂದುಗಳು. ಆ ಸಂದುಗಳಲ್ಲಿ ನಿಮ್ಮ ಲೂಪ್ ಏನೋ ದೊಡ್ಡ ಕೆಲಸ ಮಾಡುತ್ತಿದೆ ಎಂದು ತೋರುತ್ತದೆ. ಅಲ್ಲಿರುವುದು ಟ್ರೇಸರ್.

ಖಚಿತ ಮಾಡಿಕೊಳ್ಳಲು ಒಳಗಿನ ಸ್ಪ್ಯಾನ್ ತೆಗೆದು ಹೊರಗಿನದ್ದನ್ನು ಮಾತ್ರ ಬಿಟ್ಟು ಮತ್ತೆ ಓಡಿಸಿ. ತಾಯಿಯ ಸಮಯ ಸುಮಾರು 40 ಮಿಲಿಸೆಕೆಂಡ್ ಇಳಿದರೆ ಅನುಮಾನ ನಿಜ. ಮುಂದೆ ಒಳಗಿನ ಸ್ಪ್ಯಾನನ್ನು ಪ್ರತಿ ಲಾಟಿಗೆ ಹಾಕುವ ಬದಲು 1,000 ಲಾಟ್‌ಗಳ ಗುಂಪಿಗೆ ಒಂದರಂತೆ ಹಾಕಿ. ಹೊರಗಿನಿಂದ ಒಳಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುವುದೇ ಸರಿಯಾದ ಕ್ರಮ: ಮೊದಲು ನಾಲ್ಕೈದು ದೊಡ್ಡ ಸ್ಪ್ಯಾನ್, ಉದ್ದದ್ದು ಯಾವುದೋ ಅದರೊಳಗೆ ಮಾತ್ರ ಮತ್ತೆ ನಾಲ್ಕೈದು. ಎಲ್ಲ ಫಂಕ್ಷನ್ನಿಗೂ ಒಟ್ಟಿಗೇ ಡೆಕೊರೇಟರ್ ಅಂಟಿಸಿದರೆ ಪ್ರೋಗ್ರಾಮ್ ಬೇರೆಯೇ ಆಗಿಬಿಡುತ್ತದೆ. ಪೈಥಾನಿನ ಜೊತೆಗೇ ಬರುವ ಸಿಪ್ರೊಫೈಲ್ ಎಂಬ ಪ್ರೊಫೈಲರ್ ಬಳಸುವಾಗಲೂ ಇದೇ ತೊಡಕು: ಅದು ಪ್ರತಿ ಕರೆಯನ್ನೂ ದಾಖಲಿಸುವುದರಿಂದ ಹೆಚ್ಚು ಸಲ ಕರೆಯಲ್ಪಡುವ ಸಣ್ಣ ಫಂಕ್ಷನ್‌ಗಳು ಇರುವುದಕ್ಕಿಂತ ದುಬಾರಿಯಾಗಿ ಕಾಣುತ್ತವೆ.

ಲಕ್ಷಣ: ಋಣ ಸಮಯ, ಸೊನ್ನೆ ಸಮಯ, ಎಲ್ಲವೂ ಒಂದೇ ಬೆಲೆಯ ಗುಣಕ

ಕಾರಣ ಬಹುಪಾಲು ಒಂದೇ: ಟೈಮ್ ಮಾಡ್ಯೂಲಿನ ಟೈಮ್ ಫಂಕ್ಷನ್ನಿನಿಂದ ಅಳೆದದ್ದು. ಅದು ಗೋಡೆ ಗಡಿಯಾರ. ನೆಟ್‌ವರ್ಕ್ ಮೂಲಕ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಅದನ್ನು ಹಿಂದೆ ಮುಂದೆ ಸರಿಸಬಹುದು. ಸರಿಸಿದ ಕ್ಷಣದಲ್ಲಿ ತೆರೆದಿದ್ದ ಸ್ಪ್ಯಾನ್ ಋಣವಾಗಿಯೋ ವಿಪರೀತ ಉದ್ದವಾಗಿಯೋ ಬರುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ 3.13ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇದೇ ಫಂಕ್ಷನ್ನಿನ ಸೂಕ್ಷ್ಮತೆ 15.6 ಮಿಲಿಸೆಕೆಂಡ್. ಹಾಗಾಗಿ ಸಮಯಗಳೆಲ್ಲ 0, 15.6, 31.2 ಎಂದು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಅದರ ಬದಲು ಅದೇ ಮಾಡ್ಯೂಲಿನ ಪರ್ಫ್ ಕೌಂಟರ್ ಎನ್‌ಎಸ್ ಬಳಸಿ. ಪೈಥಾನ್ 3.7ರಿಂದ ಇದೆ, ಪೂರ್ಣಾಂಕ ಕೊಡುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಸಮಯವನ್ನು ಫ್ಲೋಟಿನಲ್ಲಿ (ದಶಮಾಂಶ ಸಂಖ್ಯೆಯಾಗಿ) ಇಡುವುದಕ್ಕಿಂತ ಇದೇ ಒಳ್ಳೆಯದು: 1970ರಿಂದ ಎಣಿಸಿದ ಸೆಕೆಂಡುಗಳನ್ನು ಫ್ಲೋಟಿನಲ್ಲಿಟ್ಟರೆ ಈಗಿನ ಬೆಲೆಗಳಲ್ಲಿ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆಯೇ ಸುಮಾರು 238 ನ್ಯಾನೋಸೆಕೆಂಡ್ ಅಂತರ ಇರುತ್ತದೆ. ನಿಮ್ಮ ಯಂತ್ರದಲ್ಲಿ ಯಾವ ಗಡಿಯಾರದ ಹಿಂದೆ ಏನಿದೆ ಎಂದು ಗೆಟ್ ಕ್ಲಾಕ್ ಇನ್ಫೋ ಫಂಕ್ಷನ್ ಹೇಳುತ್ತದೆ. "ಅಡ್ಜಸ್ಟಬಲ್" ಎಂಬಲ್ಲಿ ಟ್ರೂ ಇದ್ದರೆ ಆ ಗಡಿಯಾರ ಅಳತೆಗೆ ಬೇಡ.

ಎರಡು ಯಂತ್ರಗಳ ಪರ್ಫ್ ಕೌಂಟರ್ ಬೆಲೆಗಳನ್ನು ಕಳೆದು ನೋಡಬೇಡಿ. ಲಿನಕ್ಸಿನಲ್ಲಿ ಒಂದೇ ಯಂತ್ರದ ಬೇರೆ ಬೇರೆ ಪ್ರೋಸೆಸ್‌ಗಳನ್ನು ಒಂದೇ ರೇಖೆಯ ಮೇಲೆ ಇಡಬಹುದು, ಯಂತ್ರ ಬದಲಾದರೆ ಶೂನ್ಯಬಿಂದುವೇ ಬೇರೆ. ಮೊಬೈಲಿನಲ್ಲಿ ಒತ್ತಿದ ಸಮಯದಿಂದ ಸರ್ವರಿಗೆ ತಲುಪಿದ ಸಮಯ ಕಳೆದರೆ ಬರುವ ಅಂಕಿಗೆ ಅರ್ಥವಿಲ್ಲ. ಮೊಬೈಲಿನಲ್ಲಿ ಒತ್ತಿದ್ದರಿಂದ ಉತ್ತರ ಬಂದವರೆಗೆ ಒಂದು ಅಳತೆ, ಸರ್ವರಿನ ಒಳಗೆ ಇನ್ನೊಂದು ಅಳತೆ; ಇವೆರಡರ ವ್ಯತ್ಯಾಸ ನೆಟ್‌ವರ್ಕ್ ಮತ್ತು ಸರದಿಯಲ್ಲಿ ಕಳೆದ ಸಮಯ.

ಲಕ್ಷಣ: ದೊಡ್ಡ ಕೆಲಸದ ಫಂಕ್ಷನ್ 3 ಮೈಕ್ರೋಸೆಕೆಂಡಿನಲ್ಲಿ ಮುಗಿಯಿತು ಎನ್ನುತ್ತದೆ

ಇದು ಸಂತೋಷಪಡುವ ವಿಷಯವಲ್ಲ. ಕೆಲಸ ಇನ್ನೂ ಶುರುವೇ ಆಗಿಲ್ಲ ಎಂದು ಅರ್ಥ.

ಯೀಲ್ಡ್ ಇರುವ ಫಂಕ್ಷನ್ನನ್ನು ಕರೆದರೆ ಜನರೇಟರ್ ಮಾತ್ರ ಕೈಗೆ ಬರುತ್ತದೆ, ಒಳಗಿನ ಒಂದು ಸಾಲೂ ಓಡಿರುವುದಿಲ್ಲ. ಅಸಿಂಕ್ ಡೆಫ್ ಕೂಡ ಹಾಗೆಯೇ: ಸಾಮಾನ್ಯ ಡೆಕೊರೇಟರ್ ಅಳೆಯುವುದು ಕೊರೂಟೀನ್ (ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಕೆಲಸ) ಹುಟ್ಟಿದ ಸಮಯವನ್ನು ಮಾತ್ರ. ಥ್ರೆಡ್ ಪೂಲಿಗೆ (ಕೆಲಸಕ್ಕೆ ಕಾದಿರುವ ಥ್ರೆಡ್‌ಗಳ ಗುಂಪಿಗೆ) ಸಬ್ಮಿಟ್ ಮಾಡಿದರೂ ಸರದಿಗೆ ಸೇರಿಸಿದ ಸಮಯವಷ್ಟೇ ದಾಖಲಾಗುತ್ತದೆ. ಡೆಕೊರೇಟರ್ ಅಂಟುವ ಹೊತ್ತಿನಲ್ಲೇ ಇನ್‌ಸ್ಪೆಕ್ಟ್ ಮಾಡ್ಯೂಲಿನಿಂದ ಇದು ಕೊರೂಟೀನ್ ಫಂಕ್ಷನ್ನೋ ಜನರೇಟರ್ ಫಂಕ್ಷನ್ನೋ ಎಂದು ಕೇಳಿ, ಮೂರು ಬಗೆಗೂ ಬೇರೆ ಬೇರೆ ಹೊದಿಕೆ ಬರೆಯಬೇಕು. ಪೂಲಿನ ವಿಷಯದಲ್ಲಿ ಸ್ಪ್ಯಾನ್ ಇರಬೇಕಾದ್ದು ಕೆಲಸ ಮಾಡುವ ಫಂಕ್ಷನ್ನಿನ ಒಳಗೆ.

ಬಿಲ್ಲಿಂಗ್ ಪ್ರೋಗ್ರಾಮುಗಳಲ್ಲಿ ದಾರಿ ತಪ್ಪಿಸುವುದರಲ್ಲಿ, ಡೇಟಾಬೇಸಿಗೆ ಕೇಳಬೇಕಾದ ಪ್ರಶ್ನೆಯನ್ನು (ಕ್ವೆರಿಯನ್ನು) ಹಿಡಿದಿಟ್ಟಿರುವ ಜ್ಯಾಂಗೋದ ಕ್ವೆರಿಸೆಟ್ ಮೊದಲನೆಯದು. ಲಾಟ್‌ಗಳನ್ನು ತರುವ ಫಂಕ್ಷನ್ 0.2 ಮಿಲಿಸೆಕೆಂಡ್, ಪಿಡಿಎಫ್ ಬರೆಯುವುದು 9 ಸೆಕೆಂಡ್ ಎಂದು ಟ್ರೇಸ್ ತೋರಿಸುತ್ತದೆ. ಕೂಡಲೇ ಪಿಡಿಎಫ್ ಲೈಬ್ರರಿಯ ಮೇಲೆ ತಪ್ಪು ಹೊರಿಸಿ ಬೇರೆಯದನ್ನು ಹುಡುಕುತ್ತಾರೆ. ಆದರೆ ಕ್ವೆರಿಸೆಟ್ ಸೋಮಾರಿ. ಅದರ ಮೇಲೆ ಲೂಪ್ ಸುತ್ತುವವರೆಗೆ ಡೇಟಾಬೇಸಿಗೆ ಹೋಗುವುದೇ ಇಲ್ಲ. ಲೂಪ್ ಇರುವುದು ಟೆಂಪ್ಲೇಟಿನಲ್ಲಿ, ಟೆಂಪ್ಲೇಟ್ ಓಡುವುದು ಪಿಡಿಎಫ್ ಸ್ಪ್ಯಾನಿನ ಒಳಗೆ. ಅದರ ಮೇಲೆ ಟೆಂಪ್ಲೇಟಿನಲ್ಲಿ ಪ್ರತಿ ಲಾಟಿನ ದೋಣಿಯ ಹೆಸರು ಕೇಳಿದ್ದರೆ ಲಾಟಿಗೊಂದರಂತೆ ಹೊಸ ಕ್ವೆರಿ ಹೋಗುತ್ತದೆ. ಡೇಟಾಬೇಸ್ ಮುಂಬೈಯ ಕ್ಲೌಡಿನಲ್ಲಿದ್ದು ಪ್ರೋಗ್ರಾಮ್ ಉಡುಪಿಯ ಆಫೀಸಿನಲ್ಲಿ ಓಡುತ್ತಿದ್ದರೆ, ಒಂದು ಸಲ ಹೋಗಿಬರಲು 25 ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ 360 ಲಾಟಿಗೆ 9 ಸೆಕೆಂಡ್.

ಪತ್ತೆ ಹಚ್ಚುವ ಕ್ರಮ ಹೀಗೆ. ಲಾಟ್ ತರುವ ಸ್ಪ್ಯಾನಿನ ಒಳಗೆ ಕ್ವೆರಿಸೆಟ್ಟನ್ನು ತಾತ್ಕಾಲಿಕವಾಗಿ ಲಿಸ್ಟ್ ಮಾಡಿ. ಸಮಯ ಪಿಡಿಎಫ್‌ನಿಂದ ಅಲ್ಲಿಗೆ ಎಷ್ಟು ಸರಿಯಿತು ನೋಡಿ. ಪಿಡಿಎಫ್‌ನಲ್ಲೇ ಹೆಚ್ಚು ಉಳಿದಿದ್ದರೆ, ಡೀಬಗ್ ಆನ್ ಇರುವಾಗ ಕನೆಕ್ಷನ್ನಿನ ಕ್ವೆರೀಸ್ ಪಟ್ಟಿಯ ಉದ್ದವನ್ನು ಆ ಸ್ಪ್ಯಾನಿಗೆ ಮೊದಲು ಮತ್ತು ನಂತರ ಓದಿ. ವ್ಯತ್ಯಾಸ ಲಾಟ್‌ಗಳ ಸಂಖ್ಯೆಯಷ್ಟೇ ಬಂದರೆ ರೋಗ ಸಿಕ್ಕಿತು, ಸೆಲೆಕ್ಟ್ ರಿಲೇಟೆಡ್ ಸೇರಿಸಿದರೆ ಅಷ್ಟೂ ಒಂದೇ ಕ್ವೆರಿಯಾಗುತ್ತದೆ. ಸಮಯ ಅಳೆಯುವಾಗ ಮಾತ್ರ ಡೀಬಗ್ ಆಫ್ ಮಾಡಿ, ಕ್ವೆರಿಗಳನ್ನು ದಾಖಲಿಸುವುದಕ್ಕೂ ಖರ್ಚಿದೆ.

ಕಾದದ್ದೋ ಕೆಲಸ ಮಾಡಿದ್ದೋ

ಮೇಲಿನಂಥ ಪ್ರಕರಣಗಳನ್ನು ಬೇಗ ಬಿಡಿಸಲು ಪ್ರತಿ ಸ್ಪ್ಯಾನಿನಲ್ಲಿ ಇನ್ನೊಂದು ಅಳತೆ ಸೇರಿಸಿ: ಥ್ರೆಡ್ ಟೈಮ್ ಎನ್‌ಎಸ್. ಇದು ಆ ಥ್ರೆಡ್ಡಿಗಾಗಿ ಸಿಪಿಯು ನಿಜವಾಗಿ ದುಡಿದ ಸಮಯ. ಓದುವುದು ಪರ್ಫ್ ಕೌಂಟರಿಗಿಂತ ತುಸು ದುಬಾರಿ, ಆದ್ದರಿಂದ ದೊಡ್ಡ ಸ್ಪ್ಯಾನ್‌ಗಳಿಗೆ ಮಾತ್ರ ಇರಲಿ.

ಒಟ್ಟು 9 ಸೆಕೆಂಡ್, ಸಿಪಿಯು 0.4 ಸೆಕೆಂಡ್ ಎಂದರೆ ಉಳಿದದ್ದೆಲ್ಲ ಕಾಯುವಿಕೆ: ಡೇಟಾಬೇಸ್, ನೆಟ್‌ವರ್ಕ್, ಡಿಸ್ಕ್, ಇಲ್ಲವೇ ಲಾಕ್. ಅಲ್ಗಾರಿದಮ್ ತಿದ್ದಿ ಪ್ರಯೋಜನವಿಲ್ಲ. ಎರಡೂ ಸರಿಸುಮಾರು ಸಮನಾಗಿದ್ದರೆ ಕೋಡೇ ದುಡಿಯುತ್ತಿದೆ. ಥ್ರೆಡ್ ಟೈಮಿನ ಬದಲು ಪ್ರೋಸೆಸ್ ಟೈಮ್ ಬಳಸಿದ್ದರೆ ಸಿಪಿಯು ಸಮಯ ಒಟ್ಟು ಸಮಯಕ್ಕಿಂತ ಹೆಚ್ಚು ಬರಬಹುದು. ಹಲವು ಥ್ರೆಡ್‌ಗಳಲ್ಲಿ ಲೆಕ್ಕ ಮಾಡುವ ನಂಪೈಯಂಥ ಲೈಬ್ರರಿ ಇದ್ದಾಗ ಇದು ಸಹಜ, ದೋಷವಲ್ಲ.

ಲಕ್ಷಣ: ಎಲ್ಲ ಸ್ಪ್ಯಾನ್ ಕೂಡಿದರೆ ಶೇ. 100 ದಾಟುತ್ತದೆ

ತಾಯಿ ಮಕ್ಕಳನ್ನು ಒಟ್ಟಿಗೆ ಕೂಡಿದ್ದೀರಿ. ಪ್ರತಿ ಸ್ಪ್ಯಾನಿನ ಸ್ವಂತ ಸಮಯ ಎಂದರೆ ಅದರ ಒಟ್ಟು ಸಮಯದಿಂದ ನೇರ ಮಕ್ಕಳ ಸಮಯ ಕಳೆದದ್ದು, ಕೂಡಬೇಕಾದ್ದು ಅದನ್ನು. ತನ್ನನ್ನೇ ತಾನು ಕರೆಯುವ ಫಂಕ್ಷನ್ನಿನಲ್ಲಿ ಎಲ್ಲಕ್ಕಿಂತ ಹೊರಗಿನ ಕರೆಯನ್ನು ಮಾತ್ರ ಒಟ್ಟಿಗೆ ಸೇರಿಸಿ. ಥ್ರೆಡ್‌ಗಳು ಒಟ್ಟೊಟ್ಟಿಗೆ ಓಡಿದ್ದರೆ ಥ್ರೆಡ್ಡಿಗೊಂದು ಲೆಕ್ಕ.

ಕೊರೂಟೀನ್‌ಗಳನ್ನು ಟಾಸ್ಕ್‌ಗಳಾಗಿ ಓಡಿಸುವ ಅಸಿಂಕ್ಐಒದಲ್ಲಿ ಮಾತ್ರ ಇದು ಅಷ್ಟು ಸರಳವಲ್ಲ. ಎಲ್ಲ ಟಾಸ್ಕ್‌ಗಳೂ ಒಂದೇ ಥ್ರೆಡ್ಡಿನಲ್ಲಿ ಸರದಿಯಂತೆ ಓಡುವುದರಿಂದ, ಯಾವ ಸ್ಪ್ಯಾನಿಗೆ ಯಾವುದು ತಾಯಿ ಎಂಬುದನ್ನು ಥ್ರೆಡ್ ಲೋಕಲ್‌ನಲ್ಲಿ (ಥ್ರೆಡ್ಡಿಗೊಂದರಂತೆ ಇರುವ ಜಾಗದಲ್ಲಿ) ಇಟ್ಟರೆ ಒಬ್ಬರ ಮಗು ಇನ್ನೊಬ್ಬರ ಮಡಿಲಲ್ಲಿ ಕೂತಿರುತ್ತದೆ. ಕಾಂಟೆಕ್ಸ್ಟ್‌ವಾರ್ಸ್ ಬಳಸಿ, ಪ್ರತಿ ಟಾಸ್ಕ್ ಹುಟ್ಟುವಾಗ ತನ್ನದೇ ನಕಲು ಪಡೆಯುತ್ತದೆ. ಎಕ್ಸಿಕ್ಯೂಟರಿಗೆ (ಥ್ರೆಡ್ ಪೂಲಿಗೆ) ಕಳಿಸಿದ ಕೆಲಸಕ್ಕೆ ಈ ನಕಲು ತಾನಾಗಿ ಹೋಗುವುದಿಲ್ಲ, ಪೈಥಾನ್ 3.9ರ ಟು ಥ್ರೆಡ್ ಬಳಸಿದರೆ ಹೋಗುತ್ತದೆ. ಫೈಲಿಗೆ ಬರೆಯುವಾಗಲೂ ಒಂದರ ಮೇಲೊಂದು ಬೀಳುವ ಇಂಥ ಸ್ಪ್ಯಾನ್‌ಗಳನ್ನು ಸಾಮಾನ್ಯ ಬಿ-ಇ ಜೋಡಿಯಾಗಿ (ದೊಡ್ಡಕ್ಷರದ ಬಿ ಎಂದರೆ ಶುರು, ಇ ಎಂದರೆ ಮುಗಿತಾಯ) ಬರೆಯಬೇಡಿ. ಟ್ರೇಸ್ ಈವೆಂಟ್ ಮಾದರಿಯಲ್ಲಿ ಅಸಿಂಕ್ ಘಟನೆಗಳಿಗೆ ಸಣ್ಣಕ್ಷರದ ಬಿ ಮತ್ತು ಇ, ಜೊತೆಗೆ ಒಂದು ಐಡಿ ಎಂಬ ವ್ಯವಸ್ಥೆಯೇ ಇದೆ.

ಅವೈಟ್ ಇರುವ ಸ್ಪ್ಯಾನ್ ಉದ್ದ ಬಂದರೆ ಅದು ನಿರಪರಾಧಿಯಾಗಿರಬಹುದು. ಉತ್ತರ ಬಂದು ಸಿದ್ಧವಾಗಿದ್ದರೂ ಬೇರೊಂದು ಟಾಸ್ಕ್ ಈವೆಂಟ್ ಲೂಪನ್ನು (ಟಾಸ್ಕ್‌ಗಳಿಗೆ ಸರದಿ ಕೊಡುವ ಸುತ್ತನ್ನು) ಬಿಟ್ಟುಕೊಡದೆ ಲೆಕ್ಕ ಮಾಡುತ್ತ ಕೂತಿದ್ದರೆ ಇದು ಕಾಯುತ್ತದೆ. ಪರ್ಫೆಟ್ಟೊದಲ್ಲಿ ಹಲವು ಸ್ಪ್ಯಾನ್‌ಗಳು ಒಂದೇ ಕ್ಷಣದಲ್ಲಿ ಸಾಲಾಗಿ ಮುಗಿದಂತೆ ಕಂಡರೆ, ಆ ಕ್ಷಣಕ್ಕೆ ಸ್ವಲ್ಪ ಮೊದಲು ಮುಗಿದದ್ದು ಯಾವುದು ನೋಡಿ, ಅಪರಾಧಿ ಅದೇ. ಅಸಿಂಕ್ಐಒದ ಡೀಬಗ್ ಮೋಡ್ ಹಾಕಿದರೆ 100 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಲೂಪ್ ಹಿಡಿದದ್ದನ್ನು ಅದು ತಾನಾಗಿ ಲಾಗಿನಲ್ಲಿ ಹೇಳುತ್ತದೆ.

ಲಕ್ಷಣ: ಓಡಿಸಿದಷ್ಟು ಸಲ ಬೇರೆ ಬೇರೆ ಅಂಕಿ

ಮೊದಲ ಓಟವನ್ನು ಬಿಟ್ಟುಬಿಡಿ. ಮಾಡ್ಯೂಲ್ ಇಂಪೋರ್ಟ್, ಡೇಟಾಬೇಸ್ ಕನೆಕ್ಷನ್, ಫೈಲ್ ಕ್ಯಾಶ್ ಎಲ್ಲ ಅದರ ತಲೆಗೆ ಬರುತ್ತವೆ. ಆದರೆ ದೂರು "ಬೆಳಗ್ಗಿನ ಮೊದಲ ಬಿಲ್ಲೇ ತಡ" ಎಂದಾಗಿದ್ದರೆ ಅಳೆಯಬೇಕಾದ್ದು ಆ ಮೊದಲ ಓಟವನ್ನೇ, ಪ್ರತಿ ಸಲ ಸರ್ವರ್ ಮತ್ತೆ ಶುರು ಮಾಡಿ.

ಲ್ಯಾಪ್‌ಟಾಪಿನಲ್ಲಿ ಅಳೆಯುತ್ತಿದ್ದರೆ ಚಾರ್ಜರ್ ಹಾಕಿರಬೇಕು. ಮಳೆಗಾಲದಲ್ಲಿ ಗುಡುಗು ಮಿಂಚು ಶುರುವಾಗಿ ಕರೆಂಟ್ ಹೋಗುವುದು ಕರಾವಳಿಯಲ್ಲಿ ದಿನನಿತ್ಯದ ಮಾತು. ಚಾರ್ಜರ್ ಮೇಲೆ ಶುರುವಾದ ಅಳತೆ ಅರ್ಧದಲ್ಲಿ ಬ್ಯಾಟರಿಗೆ ಬಂದರೆ ಸಿಪಿಯು ವೇಗ ಇಳಿಯಬಹುದು, ಪರದೆಯ ಮೇಲೆ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್-ಮೇ ಸೆಕೆಯಲ್ಲಿ ಫ್ಯಾನ್ ಎಷ್ಟು ತಿರುಗಿದರೂ ಬಿಸಿ ಏರಿ ಸಿಪಿಯು ತಾನಾಗಿ ವೇಗ ತಗ್ಗಿಸುತ್ತದೆ: ಮೊದಲ ಕೆಲವು ಓಟ ಚುರುಕು, ಆಮೇಲಿನವು ಒಂದೇ ಸಮನೆ ನಿಧಾನ ಎಂಬ ಮಾದರಿ ಕಂಡರೆ ಇದೇ. ಸಿಪಿಯುಫ್ರೆಕ್ ಡೈರೆಕ್ಟರಿಯಲ್ಲಿ ಸ್ಕೇಲಿಂಗ್ ಗವರ್ನರ್ ಮತ್ತು ಸ್ಕೇಲಿಂಗ್ ಕರ್ ಫ್ರೆಕ್ ಫೈಲುಗಳನ್ನು ಅಳತೆಯ ಮೊದಲು ಮತ್ತು ನಂತರ ಓದಿ ಟ್ರೇಸ್ ಜೊತೆಗೇ ಬರೆದಿಡಿ. ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಇಟ್ಟರೆ ಅಲ್ಲಾಡುವುದು ಕಡಿಮೆಯಾಗುತ್ತದೆ.

ನಡುನಡುವೆ ಒಂದೊಂದು ಸ್ಪ್ಯಾನ್ ಮಾತ್ರ ಉದ್ದ ಬಂದರೆ ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ (ಜಿಸಿ) ಮೇಲೆ ಕಣ್ಣಿಡಿ. ಜಿಸಿ ಮಾಡ್ಯೂಲಿನ ಕಾಲ್‌ಬ್ಯಾಕ್ಸ್ ಪಟ್ಟಿಗೆ ಒಂದು ಫಂಕ್ಷನ್ ಸೇರಿಸಿದರೆ ಕಲೆಕ್ಷನ್ ಶುರುವಾದಾಗ ಮತ್ತು ಮುಗಿದಾಗ ಅದು ಕರೆಯಲ್ಪಡುತ್ತದೆ. ಅಲ್ಲೇ ಒಂದು ಸ್ಪ್ಯಾನ್ ಹಾಕಿ. ಟೈಮ್‌ಇಟ್ ಹಾಗೆಯೇ ಬಿಟ್ಟರೆ ಜಿಸಿ ನಿಲ್ಲಿಸಿ ಅಳೆಯುತ್ತದೆ, ಟೈಮ್‌ಇಟ್ ಮತ್ತು ಟ್ರೇಸ್ ತಾಳೆಯಾಗದಿರಲು ಇದೊಂದು ಕಾರಣ.

ಡೇಟಾದ ವಿಷಯ ಬೇರೆಯೇ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರ ಲಾಟ್ ಮಾತ್ರ ಬರುತ್ತದೆ. ಆ ದಿನಗಳ ಡೇಟಾಬೇಸ್ ನಕಲಿನ ಮೇಲೆ ಅಳೆದು "ಎಲ್ಲ ಸರಿಯಿದೆ" ಎಂದರೆ ಆಗಸ್ಟಿನಲ್ಲಿ ಬೋಟುಗಳು ಇಳಿದ ಮೇಲೆ ಮತ್ತೆ ಅದೇ ದೂರು. ಸೀಸನ್ ಜೋರಿರುವ ದಿನದ ಡೇಟಾ ಇಟ್ಟುಕೊಳ್ಳಿ. ಅದೂ ಸಾಲದು, 500, 1,000, 2,000 ಲಾಟ್‌ಗಳಿಗೆ ಅಳೆದು ಅನುಪಾತ ನೋಡಿ. ಲಾಟ್ ಇಮ್ಮಡಿಯಾದಾಗ ಸಮಯವೂ ಇಮ್ಮಡಿಯಾದರೆ ಸಹಜ. ನಾಲ್ಕು ಪಟ್ಟಾದರೆ ಲೂಪಿನೊಳಗೆ ಇನ್ನೊಂದು ಹುಡುಕಾಟ ಅಡಗಿದೆ. ಸಾಮಾನ್ಯವಾಗಿ ಅದು ಲಿಸ್ಟಿನಲ್ಲಿ ದೋಣಿಯ ನಂಬರ್ ಹುಡುಕುವ ಸಾಲು. ಡಿಕ್ಷನರಿ ಮಾಡಿದರೆ ಮುಗಿಯಿತು.

ಅಂಕಿ ಹೇಳುವಾಗ ಸರಾಸರಿ ಒಂದನ್ನೇ ಹೇಳಬೇಡಿ. ಕನಿಷ್ಠ, ಮಧ್ಯಾಂಕ, 95ನೇ ಶತಮಾಂಶ (ನೂರರಲ್ಲಿ 95 ಓಟಗಳು ಮುಗಿಯುವ ಸಮಯ) ಮೂರೂ ಇರಲಿ. ಬಳಸುವವರಿಗೆ ನೆನಪಿರುವುದು ಆ 95ನೆಯದು.

ಲಕ್ಷಣ: ಟ್ರೇಸ್ ಫೈಲೇ ಸರಿಯಿಲ್ಲ

ಎಲ್ಲ ಸಮಯವೂ 1,000 ಪಟ್ಟು ದೊಡ್ಡದಾಗಿ ಕಂಡರೆ ನ್ಯಾನೋಸೆಕೆಂಡನ್ನು ಹಾಗೆಯೇ ಬರೆದಿದ್ದೀರಿ. ಆ ಮಾದರಿಯಲ್ಲಿ ಟಿಎಸ್ (ಶುರುವಿನ ಸಮಯ) ಮತ್ತು ಡ್ಯೂರ್ (ಅವಧಿ) ಮೈಕ್ರೋಸೆಕೆಂಡಿನಲ್ಲಿರಬೇಕು. ಒಂದು ಪಟ್ಟಿ ಕೊನೆಯವರೆಗೂ ಎಳೆದುಕೊಂಡು ಹೋಗಿದ್ದರೆ ಎಕ್ಸೆಪ್ಶನ್ ಬಂದಾಗ ಸ್ಪ್ಯಾನ್ ಮುಚ್ಚಿಲ್ಲ, ಫೈನಲಿ ಸೇರಿಸಿ. ಇಲ್ಲವೇ ಬಿ-ಇ ಜೋಡಿ ಬಿಟ್ಟು, ಮುಗಿದ ಮೇಲೆ ಒಂದೇ ಸಲ ಬರೆಯುವ ಎಕ್ಸ್ ಘಟನೆ ಬಳಸಿ. ಹಲವು ವರ್ಕರ್‌ಗಳು (ಸರ್ವರಿನ ಕೆಲಸಗಾರ ಪ್ರೋಸೆಸ್‌ಗಳು) ಒಂದೇ ಫೈಲಿಗೆ ಬರೆದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಫೈಲ್ ಹೆಸರಿನಲ್ಲಿ ಪ್ರೋಸೆಸ್ ನಂಬರ್ ಇರಲಿ.

ಫೈಲ್ ಸರಿಯಾಗಿದ್ದೂ ನಿಧಾನವಾದ ಬಿಲ್ ಮಾತ್ರ ಅದರಲ್ಲಿ ಇಲ್ಲ ಎಂಬುದು ಇವುಗಳಲ್ಲಿ ಅತ್ಯಂತ ಮೋಸದ್ದು. ಜ್ಯಾಂಗೋ ಪ್ರೋಗ್ರಾಮುಗಳನ್ನು ಓಡಿಸುವ ಗನಿಕಾರ್ನ್ ಎಂಬ ವೆಬ್ ಸರ್ವರಿನಲ್ಲಿ ವರ್ಕರಿನ ಟೈಮ್‌ಔಟ್ ಬದಲಿಸದಿದ್ದರೆ 30 ಸೆಕೆಂಡ್. ಅಷ್ಟರೊಳಗೆ ಸಿಂಕ್ ವರ್ಕರ್ ಸುಳಿವು ಕೊಡದಿದ್ದರೆ ಅದನ್ನು ಕೊಂದು ಹೊಸದನ್ನು ಹುಟ್ಟಿಸುತ್ತದೆ. ಟ್ರೇಸನ್ನು ಅಟ್‌ಎಕ್ಸಿಟ್‌ನಲ್ಲಿ (ಪ್ರೋಗ್ರಾಮ್ ಮುಗಿಯುವಾಗ) ಬರೆಯುವಂತೆ ಇಟ್ಟಿದ್ದರೆ ಅದು ಓಡುತ್ತದೆ ಎಂಬ ಖಾತರಿಯಿಲ್ಲ, ಓಡದಿದ್ದರೆ ನಿಮಗೆ ಬೇಕಾಗಿದ್ದ ಆ ಒಂದು ಸ್ಪ್ಯಾನ್ ಮೆಮೊರಿಯೊಂದಿಗೇ ಹೋಯಿತು. ಉಳಿದ ಫೈಲಿನಲ್ಲಿ ಎಲ್ಲ ಬಿಲ್ಲೂ ಚುರುಕು. ಮಲ್ಟಿಪ್ರೋಸೆಸಿಂಗ್‌ನ ಮಕ್ಕಳು (ಅದು ಹುಟ್ಟಿಸಿದ ಪ್ರೋಸೆಸ್‌ಗಳು) ಸಹಜವಾಗಿ ಮುಗಿದರೂ ಅಟ್‌ಎಕ್ಸಿಟ್ ಓಡದೆ ಹೋಗಬಹುದು. ಅದಕ್ಕೇ ಪ್ರತಿ ರಿಕ್ವೆಸ್ಟ್ ಮುಗಿದಾಗ ಬರೆಯಿರಿ, ಉದ್ದದ ಕೆಲಸವಾದರೆ ಪ್ರತಿ 1,000 ಸ್ಪ್ಯಾನಿಗೊಮ್ಮೆ. ಸ್ಪ್ಯಾನ್ ಶುರುವಾದದ್ದನ್ನೂ ಬಿ ಘಟನೆಯಾಗಿ ಆಗಲೇ ಬರೆದರೆ ಸತ್ತ ವರ್ಕರ್ ಎಲ್ಲಿ ಸಿಕ್ಕಿಕೊಂಡಿತ್ತು ಎಂದಾದರೂ ತಿಳಿಯುತ್ತದೆ. ಜೇಸನ್ ಅರೇ ಕೊನೆಯ ಚೌಕಾವರಣ ಇಲ್ಲದೆ ನಿಂತರೂ ಈ ಮಾದರಿಯಲ್ಲಿ ಅಡ್ಡಿಯಿಲ್ಲ. ಅಳತೆ ಮುಗಿಯುವವರೆಗೆ ಟೈಮ್‌ಔಟನ್ನು 120 ಸೆಕೆಂಡಿಗೆ ಏರಿಸಿಕೊಳ್ಳಬಹುದು.

ಫೈಲ್ ತೀರಾ ದೊಡ್ಡದಾದರೆ ಮಿತಿ ಇರುವ ಡೆಕ್ (ತುಂಬಿದಾಗ ಹಳೆಯದನ್ನು ಬಿಡುವ ಪಟ್ಟಿ) ಬಳಸಿ ಕೊನೆಯ 50,000 ಸ್ಪ್ಯಾನ್ ಮಾತ್ರ ಉಳಿಸಿ. 50 ಮೈಕ್ರೋಸೆಕೆಂಡಿಗಿಂತ ಚಿಕ್ಕವನ್ನು ಬಿಸಾಡುವುದೂ ಒಂದು ದಾರಿ. ಹಾಗೆ ಬಿಸಾಡಿದ್ದರ ಸಮಯವೆಲ್ಲ ತಾಯಿಯ ಸ್ವಂತ ಸಮಯವಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ತಿದ್ದಿದ ಮೇಲೆ

ಒಳಗಿನ ಸ್ಪ್ಯಾನ್‌ಗಳನ್ನೆಲ್ಲ ತೆಗೆದು, ಹೊರಗಿನ ಒಂದೇ ಸ್ಪ್ಯಾನ್ ಇಟ್ಟು, ಮೊದಲಿನದೇ ಡೇಟಾದ ಮೇಲೆ, ಅದೇ ಯಂತ್ರದಲ್ಲಿ, ಹಳೆಯ ಕೋಡ್ ಮತ್ತು ಹೊಸ ಕೋಡನ್ನು ಒಂದಾದ ಮೇಲೊಂದರಂತೆ ಬದಲಿಸುತ್ತ ಓಡಿಸಿ. ಮೊದಲು ಹಳೆಯದನ್ನೆಲ್ಲ, ಆಮೇಲೆ ಹೊಸದನ್ನೆಲ್ಲ ಓಡಿಸಿದರೆ ಬಿಸಿಯೇರಿದ ಯಂತ್ರದ ಭಾರ ಹೊಸದರ ಮೇಲೆ ಬೀಳುತ್ತದೆ. ಹೊರಗಿನ ಸ್ಪ್ಯಾನನ್ನು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಆನ್ ಆಫ್ ಆಗುವಂತೆ ಮಾಡಿ ಪ್ರೊಡಕ್ಷನ್ನಿನಲ್ಲೇ ಬಿಟ್ಟುಬಿಡಿ. ಆಫ್ ಇರುವಾಗ ಡೆಕೊರೇಟರ್ ಮೂಲ ಫಂಕ್ಷನ್ನನ್ನೇ ಹಿಂತಿರುಗಿಸಲಿ, ಆಗ ಖರ್ಚು ಸೊನ್ನೆ.

ಟ್ರೇಸ್ ಫೈಲನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಸ್ಪ್ಯಾನ್‌ಗಳ ಜೊತೆಗೆ ಹೋಗಿರುವ ವಿವರಗಳನ್ನು ನೋಡಿ. ಪರ್ಫೆಟ್ಟೊ ಫೈಲನ್ನು ಬ್ರೌಸರಿನ ಒಳಗೇ ತೆರೆಯುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಲಾಟ್ ನಂಬರ್ ಸಾಕಾಗುವ ಜಾಗದಲ್ಲಿ ಬೋಟ್ ಮಾಲೀಕರ ಹೆಸರು, ಮೊಬೈಲ್ ನಂಬರ್, ಬಾಕಿ ಮೊತ್ತ ಸೇರಿಕೊಂಡಿರುವುದು ಅಪರೂಪವಲ್ಲ, ವಾಟ್ಸಾಪ್ ಗ್ರೂಪಿಗೆ ಒಮ್ಮೆ ಹೋದ ಫೈಲ್ ಹಿಂದೆ ಬರುವುದಿಲ್ಲ. ಸ್ಪ್ಯಾನಿಗೆ ಐಡಿ ಮತ್ತು ಎಣಿಕೆ ಮಾತ್ರ ಕೊಡಿ.